ನಲವತ್ತೊಂದನೇ ಸೈಟು

ಚೌಬಾರಾದ ಹಿಂದಿನ ಗಲ್ಲಿ, ನಯೀಮ್‌ಭಾಯಿಯ ಆನ್‌ಲೈನ್ ಸೆಂಟರು.
ಎರಡು ಕಂಪ್ಯೂಟರು, ಒಂದಕ್ಕ ಮಾತ್ರ ಜೀವ.
"ಆಪ್ಷನ್ ಹಾಕು ಬೇಟಿ, ನಾಳಿ ಐದಕ್ಕ ಬಂದ್ ಆಗ್ತದ,"
ಅಂತ ಅಪ್ಪಗ ಕುರ್ಚಿ ಸರಿಸಿದ್ರು.
ಅಪ್ಪ ಕೂಡಲಿಲ್ಲ. ಪ್ಯಾಂಟಿನ ತುಂಬ ಸುಣ್ಣ.

ಅಪ್ಪನ ಕೆಲಸಕ್ಕ ಹೆಸರಿಲ್ಲ.
ಹೊಲ ಎನ್.ಎ. ಆದ ಮರುದಿನ ಅವ ಬರ್ತಾನ.
ಒಂದು ಟೇಪು, ನಾಕು ಗೂಟ, ತಳ ತೂತಾದ ಡಬ್ಬಿ.
ಕೆಂಪು ಮೊರಮಿನ ಮ್ಯಾಲ ಬಿಳಿ ಗೆರಿ ಸುರೀತ
ಹಿಂದಕ್ಕ ಹಿಂದಕ್ಕ ನಡೀತಾನ;
ತೊಗರಿ ಕೂಳಿ ಹಿಮ್ಮಡಕ್ಕ ಚುಚ್ಚಿದರೂ
ಗೆರಿ ನಡುಗಂಗಿಲ್ಲ.
ಮೂವತ್ತು ನಲವತ್ತು, ಮೂವತ್ತು ನಲವತ್ತು,
ಮೂಲ್ಯಾಗ ಒಂದು ಉದ್ಯಾನ, ಅದು ಕಾಗದದಾಗ.
ಬೀದರಿನ ಅರ್ಧ ಹೊಸ ಊರು
ಮೊದಲು ಅವನ ಡಬ್ಬಿಯಿಂದ ಬಿದ್ದದ್ದು.
ಮಳಿ ಬಂದರ ತೊಳಕೊಂಡು ಹೋಗ್ತದ ಖರೆ,
ಅಷ್ಟರಾಗ ಕಲ್ಲು ನಟ್ಟಿರ್ತಾರ.

ನಾ ಹದಿನೆಂಟು ಸಂಜಿ ಮದರಸಾದ ಎದುರು ಕುಂತಿದ್ದೆ
ಪರೀಕ್ಷೆಗೆ ಚಿತ್ರ ಕಲೀಲಿಕ್ಕ.
ಉಳಿದ ಮಿನಾರ ಬಂತು. ನೀಲಿ ಹಂಚಿನ ಚೂರೂ ಬಂತು.
ಬಿದ್ದುಹೋದ ಮಿನಾರ ಬರೀಲಿಕ್ಕ ಹೋದೆ,
ಪೆನ್ಸಿಲ್ಲು ಆಕಾಶದಾಗ ನಿಂತುಬಿಡ್ತು.
ಅದೂ ಕಾಲೇಜೇ ಇತ್ತಲ್ಲ ಒಂದು ಕಾಲಕ್ಕ;
ಅಲ್ಲಿಗೆ ಆಪ್ಷನ್ ಎಲ್ಲಿ ತುಂಬತಿದ್ದರೋ.

"ಆರ್ಕಿಟೆಕ್ಚರೇ ಹಾಕು," ಅಂದ್ರು ನಯೀಮ್‌ಭಾಯಿ.
"ಐದು ವರ್ಷ ಹೋಗ್ತದ, ಹೋಗ್ಲಿ. ಕಡೀಗೆ ಬೋರ್ಡ್ ಬರೆಸಬಹುದು.
ಆ ಪ್ಲಾನಿಂಗ್ ನಾಕೇ ವರ್ಷ, ಆದರ ಯಾರಿಗೂ ತಿಳಿಯಂಗಿಲ್ಲ.
ಮದುವಿ ಕಾರ್ಡಿನಾಗ ಏನಂತ ಹಾಕ್ತೀರಿ?"
ಅಪ್ಪ ಪರದೆಗೆ ಮುಖ ತಂದ. ಓದ್ಲಿಕ್ಕಲ್ಲ, ಸುಮ್ನ.
"ಮನಿ ಕಟ್ಟೋದು ಯಾವದ್ರಾಗ ಅದ?
ಗೆರಿ ಎಲ್ಲಿ ಬೀಳಬೇಕು ಅಂತ ಹೇಳೋದು ಯಾವದ್ರಾಗ?"
ಎರಡನೇದಕ್ಕ ಬೆರಳು ಇಟ್ಟೆ.
"ಚಾ ಕುಡದು ಬರೂಣು ಬಾ," ಅಂದ.

ಬಂಡಿ ಪಕ್ಕ, ಗ್ಲಾಸು ಹಿಡಕೊಂಡು, ನನ್ನ ನೋಡದೇ:
"ನೌಬಾದಿನ ಆಚಿ. ಹೋದ ವರ್ಷ.
ಅಳತಿ ಹಿಡದಾಗ ಟೇಪು ನಡುವ ಜೋತು ಬಿತ್ತು.
ಹುಲ್ಲು ಸರಿಸಿದರ ಒಂದು ಬಾಯಿ.
ಕಲ್ಲು ಒಗದೆ. ಒಂದು, ಎರಡು,
ನೀರು.
ಸುಲ್ತಾನರ ಕಾಲದ್ದು ಅದು, ಭೂಮಿ ಒಳಗ ಹರಿಯೋ ಕಾಲುವಿ,
ಉಸರಾಡ್ಲಿ ಅಂತ ಅಲ್ಲಲ್ಲಿ ಬಾಯಿ ಬಿಟ್ಟಾರ.
ನಮ್ಮಜ್ಜ ಹೇಳತಿದ್ದ. ನಾ ನಂಬಿರಲಿಲ್ಲ.
ಮಾಲಕಗ ಫೋನ್ ಹಚ್ಚಿದೆ.
ಅದು ನಲವತ್ತೊಂದನೇ ಸೈಟು, ಗೆರಿ ಹಾಕು, ಅಂದ.
ಹಾಕಿದೆ."

ಬಂಡಿಯವ ಹಾಲು ಉಕ್ಕಿಸಿದ, ಬೈಕೊಂಡ.

"ಸೀದಾ ಬಂತೇನು?" ಕೇಳ್ದೆ. ಬ್ಯಾರೆ ಏನು ಕೇಳಬೇಕು ತಿಳೀಲಿಲ್ಲ.
"ಬಾಯಿ ಮ್ಯಾಲ ಸುಣ್ಣ ನಿಂದ್ರಂಗಿಲ್ಲ ಮಗಳ. ಒಳಗ ಬಿತ್ತು.
ಅಷ್ಟು ಗೆರಿ ಕಡದೇ ಉಳೀತು.
ಇಪ್ಪತ್ತು ವರ್ಷದಾಗ ಅದೊಂದೇ.
ಮರುದಿನ ಟಿಪ್ಪರ್ ಬಂತು, ಎರಡು ಟ್ರಿಪ್ ಮಣ್ಣು.
ಯಾರ ನೀರಿಗೋ ಸುಣ್ಣ ಕುಡಿಸಿ ಬಂದೆ ನಾ."

ವಾಪಸ್ ಬಂದಾಗ ಕರೆಂಟ್ ಹೋಗಿ ಬಂದಿತ್ತು,
ತುಂಬಿದ್ದೆಲ್ಲಾ ಅಳಿಸಿತ್ತು.
ಮತ್ತ ಮೊದಲಿಂದ: ಅಭ್ಯರ್ಥಿಯ ಹೆಸರು, ಎಸ್ತೇರ.
ತಂದೆಯ ಹೆಸರು, ದೇವಪುತ್ರ. ಊರು, ಮಂಗಲಪೇಟ.
ಒಂದನೇ ಆಪ್ಷನ್ನಿಗೆ ನಾಕು ವರ್ಷದ್ದು ಹಾಕಿದೆ.
"ಪಕ್ಕಾ?" ಅಂದ್ರು ನಯೀಮ್‌ಭಾಯಿ, ಚಶ್ಮಾ ಏರಿಸಿ.
ಓಟಿಪಿ ಅಪ್ಪನ ಫೋನಿಗೆ ಬಂತು.
ಆರೂ ಅಂಕಿ ಜೋರಾಗಿ ಒದರಿದ,
ಹೊಲದ ಆ ತುದಿಗೆ ನಿಂತವಗ ಕೇಳಬೇಕು ಅನ್ನೋ ಹಂಗ.

ಪ್ರಿಂಟು ಬಿಸಿ ಇತ್ತು. ಕೆಳಗ ಒಂದು ಚುಕ್ಕಿ ಚುಕ್ಕಿ ಸಾಲು.
ಅಪ್ಪ ಅದರ ಮ್ಯಾಲ ಬೆರಳು ಓಡಿಸಿದ,
ಉದ್ದಕ್ಕೂ ಸಣ್ಣಗ ಸುಣ್ಣ ಹತ್ತಿತು.
"ಇದ್ಯಾಕ ಗೆರಿ ಕಡದದ?"

"ಅಲ್ಲಿ ನಿನ್ನ ಸಹಿ ಬೇಕಪ್ಪ."